ಹೊಟ್ಟೆಯ ಮೇಲಿನ ದೋಣಿ

ಮಕ್ಕಳ ವಾರ್ಡಿನ ಆಯಾಗೆ ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವಳು ದೋಣಿ ಅಜ್ಜಿ. ಇಪ್ಪತ್ತಾರು ವರ್ಷ ನೆಲ ಒರೆಸಿ, ಹಾಸಿಗೆ ಬದಲಿಸಿ, ಬಿಡುವು ಸಿಕ್ಕಾಗ ಹೆದರಿದ ಮಗುವಿನ ಹೊಟ್ಟೆಯ ಮೇಲೆ ಕಾಗದದ ದೋಣಿ ಇಡುತ್ತಿದ್ದಳು.

"ಉಸಿರು ತಗೋ, ದೋಣಿ ಏಳ್ಲಿ. ಈಗ ನಿಧಾನಕ್ಕೆ ಬಿಡು, ಮಗುಚಬಾರ್ದು."

ನಾಲ್ಕಾರು ಸಲ ದೋಣಿ ಎದ್ದಿಳಿಯುವಷ್ಟರಲ್ಲಿ ಅಳು ಅಡಗುತ್ತಿತ್ತು. ಈ ಉಪಾಯ ಯಾವ ಪುಸ್ತಕದ್ದೂ ಅಲ್ಲ. ಉಬ್ಬಸದ ಮಗನನ್ನು ಸಾಕುವಾಗ ತಾನೇ ಕಂಡುಕೊಂಡದ್ದು.

ಇದು ಹೊಸ ಹೆಡ್ ನರ್ಸ್ ಕಣ್ಣಿಗೆ ಬಿತ್ತು. ಬಾಯ್ತುಂಬ ಹೊಗಳಿದರು. ಹೊಗಳಿಕೆಯ ಬೆನ್ನಿಗೇ ಅಪ್ಪಣೆ ಬಂತು.

"ಸುಮ್ಸುಮ್ನೆ ಯಾಕೆ ಟೈಮ್ ಹಾಳು ಮಾಡ್ತೀಯಾ? ಸೂಜಿ ಚುಚ್ಚೋ ಹೊತ್ತಿಗೆ ಮಾತ್ರ ದೋಣಿ ತಗೊಂಡು ಬಾ."

"ಅದು ಆಟ ಅಂತ ಮೊದ್ಲೇ ರೂಢಿ ಆಗಿರ್ಬೇಕು ಸಿಸ್ಟರ್."

"ನನಗೆ ಪಾಠ ಹೇಳ್ಬೇಡ."

ಅಂದಿನಿಂದ ಅಜ್ಜಿ ಸೂಜಿಯ ಹೊತ್ತಿಗೆ ಮಾತ್ರ ದೋಣಿ ತಂದಳು. ಮಕ್ಕಳು ಚಿಕ್ಕವರೇ ಹೊರತು ದಡ್ಡರಲ್ಲವಲ್ಲ! ದೋಣಿಯ ಹಿಂದೆಯೇ ಸೂಜಿ ಬರುತ್ತದೆಂದು ಎರಡೇ ವಾರದಲ್ಲಿ ಕಲಿತರು. ಅಜ್ಜಿಯ ಚಪ್ಪಲಿಯ ಸದ್ದಿಗೇ ವಾರ್ಡೆಲ್ಲ ಚೀರಾಟ.

ಅವಳಿಗೆ ಹೆಚ್ಚು ಸಂಕಟ ತಂದವಳು ಮೂಲೆಯ ಮಂಚದ ಐದು ವರ್ಷದ ಪುಟ್ಟಿ. ಹಿಂದೆಲ್ಲ ದೋಣಿಯಿಲ್ಲದೆ ಮಧ್ಯಾಹ್ನ ಕಣ್ಣು ಮುಚ್ಚದವಳು, ಈಗ ಅಜ್ಜಿಯನ್ನು ಕಂಡರೆ ಗೋಡೆಯತ್ತ ತಿರುಗುತ್ತಿದ್ದಳು. ಈ ಒಂದು ಮಗುವನ್ನಾದರೂ ಮತ್ತೆ ಒಲಿಸಿಕೊಳ್ಳಬೇಕೆಂದು ಅಜ್ಜಿ ಹಟ ತೊಟ್ಟಳು. ಚಿಕ್ಕ ನರ್ಸಿನ ಹತ್ತಿರ ಎರಡೆರಡು ಸಲ ಕೇಳಿ, ಪುಟ್ಟಿಗೆ ಇವತ್ತು ಸೂಜಿಯಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋದಳು.

"ಇವತ್ತು ಸೂಜಿ ಇಲ್ಲ ಕಂದಾ. ಬರೀ ಆಟ."

"ನಿಜವಾಗ್ಲೂ?"

"ನಿನ್ನಾಣೆಗೂ."

ಪುಟ್ಟಿ ಬಹಳ ಹೊತ್ತು ಅಜ್ಜಿಯ ಮುಖ ನೋಡಿ, ಕೊನೆಗೆ ಅಂಗಾತ ಮಲಗಿದಳು. ದೋಣಿ ಎದ್ದಿತು, ಇಳಿಯಿತು. ರೆಪ್ಪೆ ಭಾರವಾಗತೊಡಗಿತು.

ಅಷ್ಟರಲ್ಲಿ ಹೆಡ್ ನರ್ಸ್ ಟ್ರೇ ಹಿಡಿದು ಬಂದರು. "ಡಾಕ್ಟರು ಈಗಷ್ಟೇ ಬರೆದ್ರು. ಒಳ್ಳೇದಾಯ್ತು, ಸಮಾಧಾನ ಮಾಡಿಟ್ಟಿದ್ದೀಯಾ." ಅಜ್ಜಿ ಕೈ ಅಡ್ಡ ತರುವ ಮೊದಲೇ ಚುಚ್ಚಿಯಾಗಿತ್ತು.

ಪುಟ್ಟಿ ಅಳಲಿಲ್ಲ. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಅಜ್ಜಿಯನ್ನೇ ನೋಡಿದಳು. ದೋಣಿ ಹೊಟ್ಟೆಯ ಮೇಲೆ ಅಲುಗದೆ ನಿಂತಿತು.

"ಉಸಿರು ಬಿಡು ನನ್ನಮ್ಮಾ, ಬಿಡು," ಎಂದು ಅಜ್ಜಿ ಅಂಗಲಾಚಿದಳು. ಹುಡುಗಿಯ ಮುಖ ಕೆಂಪೇರುತ್ತಿತ್ತು, ತುಟಿ ಬಿಚ್ಚಲಿಲ್ಲ. ಅಜ್ಜಿ ದೋಣಿಯನ್ನು ಎತ್ತಿಕೊಂಡು, ಮಗು ಉಸಿರಾಡಲಿ ಎಂದು, ತಾನೇ ಎದ್ದು ಹೊರಗೆ ಹೋದಳು.