ಅಡ್ಡ ಮಲಗಿದ ನವಿಲು

ಮೊನ್ನೆ ಶನಿವಾರ ಒಂದು ನವಿಲಿಗಾಗಿ ಜಗಳ ಆಡಿ ಬಂದೆ. ಬಿಪಿ ಇನ್ನೂ ಇಳಿದಿಲ್ಲ.

ಕೊಳ್ಳೇಗಾಲದಲ್ಲಿ ಶಾಲಾ ಮಕ್ಕಳಿಗೆ ಕಂಪ್ಯೂಟರ್ ಆನಿಮೇಷನ್ ಸ್ಪರ್ಧೆ. ಹನೂರು, ಯಳಂದೂರಿನಿಂದಲೂ ಮಕ್ಕಳು ಬಸ್ ಹತ್ತಿ ಬಂದಿದ್ದರು. ಗೆದ್ದವರು ಮೈಸೂರಿನ ಸ್ಪರ್ಧೆಗೆ ಹೋಗಬಹುದು. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. (ಪತ್ರಿಕೆಗೆ ಬರೆಯುವವನಿಗೆ ಎಲ್ಲವೂ ಗೊತ್ತು ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ!) ನಿಯಮ ಒಂದೇ: ಅಲ್ಲೇ ಕೂತು, ಸ್ವಂತ ಕೈಯಲ್ಲಿ ಮಾಡಬೇಕು.

ನೇಕಾರರ ಬೀದಿಯ ಗಾಯತ್ರಿ, ಸರ್ಕಾರಿ ಶಾಲೆಯ ಏಳನೇ ಕ್ಲಾಸು, ನವಿಲು ಮಾಡಿದಳು. ಅವರಪ್ಪ ಸೀರೆಯ ಡಿಸೈನನ್ನು ಗ್ರಾಫ್ ಹಾಳೆಯಲ್ಲಿ ಚೌಕ ಚೌಕವಾಗಿ ತುಂಬುತ್ತಾರಲ್ಲ, ಇವಳೂ ಪರದೆಯ ಮೇಲೆ ಹಾಗೇ ಬಣ್ಣ ತುಂಬಿದಳು. ಬಟನ್ ಒತ್ತಿದರೆ ನವಿಲು ಗರಿ ಬಿಚ್ಚಿತು, ಕುಣಿಯಿತು. ಆದರೆ ಅಡ್ಡಡ್ಡ! ಕಾಲು ಎಡಕ್ಕೆ, ತಲೆ ಬಲಕ್ಕೆ.

ಮೈಸೂರಿನಿಂದ ಬಂದಿದ್ದ ಇನ್ನೊಬ್ಬ ತೀರ್ಪುಗಾರರು ನಕ್ಕರು. "ಏನಮ್ಮಾ, ನವಿಲಿಗೆ ಹುಷಾರಿಲ್ವಾ?"

"ಮಗ್ಗದಲ್ಲಿ ಸೀರೆ ಅಂಚಿನ್ ನವ್ಲು ಅಂಗೇ ಮಲಗಿರ್ತದೆ ಸಾ. ಉಟ್ಕಂಡ್ರೆ ಎದ್ ನಿಂತ್ಕತದೆ."

ತಪ್ಪೇ, ಒಪ್ಪೋಣ. ಮಗ್ಗದ ಪಕ್ಕದಲ್ಲೇ ಬೆಳೆದ ಮಗು ದಿನಾ ನವಿಲು ನೋಡಿದ್ದೇ ಹಾಗೆ. ಅದು ಅವಳದೇ ಕೆಲಸ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕಿತ್ತು?

ಬಹುಮಾನ ಯಾರಿಗೆ ಬಂತು ಗೊತ್ತಾ? ಗಿರಗಿರ ತಿರುಗುವ ಚಂದ್ರನ ಕಡೆಗೆ ರಾಕೆಟ್ ಹಾರಿಸಿದ ಕಾನ್ವೆಂಟ್ ಹುಡುಗನಿಗೆ. ಹಾರಿಸಿದ ಅಂದೆನೇ? ಜೇಬಿನಿಂದ ಫ್ಲಾಪಿ ತೆಗೆದು ಕಂಪ್ಯೂಟರಿಗೆ ತೂರಿಸಿದ, ಅಷ್ಟೇ; ಎಲ್ಲ ಅದರಲ್ಲೇ ಸಿದ್ಧವಾಗಿತ್ತು. "ಚಂದ್ರನ್ನ ಹೇಗೆ ತಿರುಗಿಸಿದೆ ಮರಿ?" ಅಂತ ಕೇಳಿದೆ. "ಅದು ನಮ್ ಟ್ಯೂಷನ್ ಸರ್‌ಗೆ ಗೊತ್ತು ಅಂಕಲ್" ಅಂದ. ಪಾಪ, ಸುಳ್ಳು ಹೇಳಲೂ ಬಾರದ ಕೂಸು. ಅವನ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ದೊಡ್ಡವರ ಮೇಲೆ. "ನಿಯಮ ಎಲ್ಲಿಗ್ ಹೋಯ್ತು ರೀ?" ಅಂತ ಕೂಗಾಡಿದೆ. ಸಂಘಟಕರು ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಬುಡಿ ಸಾ, ಮೈಸೂರಲ್ಲಿ ನಮ್ ತಾಲ್ಲೂಕಿನ್ ಮರ್ವಾದೆ ಉಳೀಬೇಕಲ್ವಾ? ಮಲಗಿರೋ ನವ್ಲು ತಕಂಡೋದ್ರೆ ಜನ ನಗಲ್ವಾ?"

ಮರ್ಯಾದೆಯಂತೆ, ಮರ್ಯಾದೆ! ಕೊಳ್ಳೇಗಾಲಕ್ಕೆ ಹೆಸರು ಬಂದಿದ್ದೇ ರೇಷ್ಮೆ ಸೀರೆಯಿಂದ. ಆ ಸೀರೆಯ ನವಿಲನ್ನು ಮೈಸೂರಿಗೆ ಕಳಿಸಲು ನಾಚಿಕೆ, ಯಾರೋ ಮಾಡಿಕೊಟ್ಟ ರಾಕೆಟ್ ಕಳಿಸಲು ಹೆಮ್ಮೆ! ಅಡ್ಡ ಇರುವುದನ್ನು ನೆಟ್ಟಗೆ ಮಾಡಲು ಕಂಪ್ಯೂಟರಿಗೆ ಎಷ್ಟು ಹೊತ್ತು ಬೇಕು ಸ್ವಾಮೀ? ಅದನ್ನು ಹೇಳಿಕೊಡುವ ವ್ಯವಧಾನ ಒಬ್ಬರಿಗೂ ಇರಲಿಲ್ಲ. ಉಳಿದಿಬ್ಬರು ತೀರ್ಪುಗಾರರು ರಾಕೆಟ್ ಹತ್ತಿದರು. ನಾನು ಸೋತೆ.

ಗೇಟಿನ ಹತ್ತಿರ ಗಾಯತ್ರಿ ಸಿಕ್ಕಳು. ಅತ್ತಿರಲಿಲ್ಲ. ಏನೋ ಲೆಕ್ಕ ಹಾಕುತ್ತಿರುವವಳ ಹಾಗೆ ನಿಂತಿದ್ದಳು.

"ಸಾ, ಮುಂದಿನ್ ಸಲ ನಾನೂವೆ ಯಾರ್ ಕೈಲಾದ್ರೂ ಮಾಡುಸ್ಕಂಡು ಬರ್ಲಾ?"

ಒಂದೇ ಮಧ್ಯಾಹ್ನದಲ್ಲಿ ಆ ಮಗುವಿಗೆ ಎಷ್ಟು ಕಲಿಸಿಬಿಟ್ಟೆವು ನೋಡಿ!