ವನಜಾಳ ಹೆಸರಿಗೆ ಮೂರನೆಯ ಕೂಗು

ಸತ್ತವರ ಹಾಜರಿ ಕೂಗುವ ಪದ್ಧತಿ ಮಂಡ್ಯದ ಆ ಸ್ನಾತಕೋತ್ತರ ಕೇಂದ್ರದ ಹಳೆಯ ವಿದ್ಯಾರ್ಥಿ ಸಂಘವೊಂದರಲ್ಲೇ ಇರಬೇಕು. ಪ್ರತಿ ಜೂನ್ ತಿಂಗಳ ಎರಡನೆಯ ಭಾನುವಾರ, ಭಾಷಣ ಸನ್ಮಾನಗಳು ಮುಗಿದ ಮೇಲೆ, ಕಾರ್ಯದರ್ಶಿಗಳು ನೀಲಿ ರಟ್ಟಿನ ಪುಸ್ತಕವೊಂದನ್ನು ತೆರೆದು, ತೀರಿಹೋದ ವಿದ್ಯಾರ್ಥಿಗಳ ಹೆಸರುಗಳನ್ನು ಅವರು ಓದಿದ ವರ್ಷದ ಸಮೇತ ಕೂಗುತ್ತಾರೆ. ಸತ್ತವರೊಡನೆ ಓದಿದವರು ಯಾರಾದರೂ ಎದ್ದು ನಿಂತು ‘ಹಾಜರ್ ಸಾರ್’ ಎನ್ನಬೇಕು. ಒಂದು ಹೆಸರಿಗೆ ಮೂರು ಕೂಗು. ಮೂರಕ್ಕೂ ಉತ್ತರ ಬಾರದಿದ್ದರೆ ಮರುವರ್ಷದ ಪುಸ್ತಕದಲ್ಲಿ ಆ ಹೆಸರು ಇರುವುದಿಲ್ಲ. ಪಟ್ಟಿ ನೂರಮೂವತ್ತು ದಾಟಿ, ಊಟಕ್ಕೆ ತಡವಾಗತೊಡಗಿದ ಮೇಲೆ ಮಾಡಿಕೊಂಡ ನಿಯಮ ಅದು.

ಮರಿಯಯ್ಯ ಈ ಹಾಜರಿಯನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಅವರು ವಿದ್ಯಾರ್ಥಿಯಲ್ಲ, ಕೇಂದ್ರದ ಕನ್ನಡ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಅಟೆಂಡರ್ ಆಗಿದ್ದವರು. ಹಾಜರಿ ಪುಸ್ತಕವನ್ನು ತರಗತಿಗೆ ಒಯ್ದುಕೊಟ್ಟು, ಮೇಷ್ಟರು ಕೂಗಿ ಮುಗಿಸುವತನಕ ಬಾಗಿಲಲ್ಲಿ ನಿಂತಿದ್ದು, ಮರಳಿ ತಂದು ಬೀರುವಿನಲ್ಲಿಡುವುದು ಅವರ ದಿನಚರಿ. ಹೀಗೆ ನಿಂತು ನಿಂತು ಯಾರ ಹೆಸರಿಗೆ ಯಾರು ಉತ್ತರ ಕೊಡುತ್ತಾರೆಂಬುದು ಅವರಿಗೆ ದನಿಯ ಮೇಲೆಯೇ ತಿಳಿಯುತ್ತಿತ್ತು. ಸಿನಿಮಾಕ್ಕೆ ಹೋದವನ ಪರವಾಗಿ ಸ್ನೇಹಿತ ಗಂಟಲು ಬದಲಿಸಿ ‘ಹಾಜರ್’ ಎಂದರೆ ಮರಿಯಯ್ಯ ಮುಖ ತಿರುಗಿಸಿ ನಗುತ್ತಿದ್ದರೇ ಹೊರತು ಯಾರನ್ನೂ ಹಿಡಿದುಕೊಟ್ಟವರಲ್ಲ. ಅವರು ಎಲ್ಲರ ಮರಿಯಣ್ಣ. ನಿವೃತ್ತಿಯಾಗಿ ಎಂಟು ವರ್ಷವಾದರೂ ಸಂಘದ ಸಭೆಗೆ ತಮ್ಮೂರು ಹೊಳಲಿನಿಂದ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುತ್ತಾರೆ. ಕುರ್ಚಿ ಕೊಟ್ಟರೆ ಒಲ್ಲೆನೆಂದು ಬಾಗಿಲಲ್ಲೇ ನಿಲ್ಲುತ್ತಾರೆ. ಒಂದು ಹೆಸರಿಗಾಗಿ ಕಾಯುತ್ತಾರೆ.

‘ವನಜಾ ಎಂ., ಎರಡು ಸಾವಿರದ ಹನ್ನೊಂದು.’

ಅವರ ಒಬ್ಬಳೇ ಮಗಳು.

ಹದಿಮೂರು ವರ್ಷ ಆ ಹೆಸರಿಗೆ ‘ಹಾಜರ್’ ಎಂದವನು ಸೋಮನಹಳ್ಳಿಯ ಹೇಮಂತ್, ವನಜಾಳ ಸಹಪಾಠಿ. ಮೊದಮೊದಲು ಅವನ ಜೊತೆಗೆ ಇನ್ನೂ ಮೂವರು ನಾಲ್ವರು ಏಳುತ್ತಿದ್ದರು, ಆಮೇಲೆ ಇಬ್ಬರಾದರು, ಕೊನೆಗೆ ಅವನೊಬ್ಬನೇ ಉಳಿದ. ಕನ್ನಡ ಎಂ.ಎ. ಮಾಡಿ ಹೆದ್ದಾರಿ ಪಕ್ಕದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲ್ವಿಚಾರಕನಾಗಿದ್ದ ಅವನು ಕಳೆದ ಮಾರ್ಚಿನಲ್ಲಿ ಯಂತ್ರದ ಮುಂದೆಯೇ ಎದೆ ಹಿಡಿದುಕೊಂಡು ಕುಸಿದ. ವರ್ಷ ತುಂಬದ ಸಾವನ್ನು ಸಂಘ ಪುಸ್ತಕಕ್ಕೆ ಸೇರಿಸುವುದಿಲ್ಲವಾದ್ದರಿಂದ ಅವನ ಹೆಸರು ಈ ಸಲ ಇರಲಿಲ್ಲ. ವನಜಾಳ ಹೆಸರಿತ್ತು. ಅದಕ್ಕೆ ಓಗೊಡುವವರು ಇರಲಿಲ್ಲ.

‘ಪುಸ್ತಕದಲ್ಲಿ ಎಸ್ರಿಲ್ದಿದ್ರೆ ಏನಾಯ್ತದೆ? ಸತ್ತೋಳು ಇನ್ನೊಂದ್ಸಲ ಸತ್ತಾಳಾ?’ ಎಂದು ಹೆಂಡತಿ ಸೋಮಮ್ಮ ಕೇಳಿದರು.

‘ಊಂ ಕಣಮ್ಮಿ. ಈ ಸಲ ನಮ್ ಕಣ್ಮುಂದೆ,’ ಎಂದು ಮರಿಯಯ್ಯ ಚಪ್ಪಲಿ ಮೆಟ್ಟಿದರು.

ವನಜಾ ಸತ್ತದ್ದು ಕಾವೇರಿ ದಡದ ಮುತ್ತತ್ತಿಯಲ್ಲಿ. ಕಡೆಯ ಪರೀಕ್ಷೆ ಮುಗಿದ ಮೂರನೆಯ ದಿನ ಇಡೀ ತರಗತಿ ಬಾಡಿಗೆ ಬಸ್ಸಿನಲ್ಲಿ ಅಲ್ಲಿಗೆ ಹೋಗಿತ್ತು. ಇಪ್ಪತ್ತನಾಲ್ಕು ವಿದ್ಯಾರ್ಥಿಗಳು, ಇಬ್ಬರು ಮೇಷ್ಟರು, ತಲೆಯೆಣಿಸಲು ಮರಿಯಯ್ಯ. ಆಂಜನೇಯನ ಗುಡಿ, ಹೊಳೆಯ ಸ್ನಾನ, ಮರದಡಿಯ ಊಟ ಎಲ್ಲ ಮುಗಿದು, ನಾಲ್ಕು ಗಂಟೆಗೆ ಚಾಲಕ ಹಾರನ್ ಒತ್ತತೊಡಗಿದ. ಮರಿಯಯ್ಯ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಪಟ್ಟಿ ತೆಗೆದು ಕೂಗಿದರು.

ಅಪ್ಪ ಮಗಳ ನಡುವೆ ಒಂದು ಕರಾರಿತ್ತು. ಎಂ.ಎ.ಗೆ ಸೇರಿದ ದಿನವೇ ವನಜಾ ಹೇಳಿದ್ದಳು: ‘ನೋಡಪ್ಪ, ಅಲ್ಲಿ ನೀನು ನಮ್ಮಪ್ಪ ಅಲ್ಲ, ನಾನು ನಿನ್ನ ಮಗ್ಳಲ್ಲ. ಬಯ್ಯೋದಿದ್ರೆ ಮನೇಗ್ ಬಂದ್ಮ್ಯಾಲೆ ಬಯ್ಯಿ.’ ಅಟೆಂಡರನ ಮಗಳೆಂಬ ರಿಯಾಯಿತಿಯೂ ಬೇಡ, ಕನಿಕರವೂ ಬೇಡ ಎಂಬ ಹಟ ಅವಳದು. ಕಾರಿಡಾರಿನಲ್ಲಿ ಎದುರಾದರೆ ಎಲ್ಲರಂತೆ ‘ನಮಸ್ಕಾರ ಮರಿಯಣ್ಣ’ ಎನ್ನುತ್ತಿದ್ದಳು. ಸಂಜೆ ಮನೆಯಲ್ಲಿ ಅದನ್ನು ನೆನೆಸಿಕೊಂಡು ಇಬ್ಬರೂ ನಗುತ್ತಿದ್ದರು. ಮರಿಯಯ್ಯ ಆ ಕರಾರನ್ನು ಎರಡು ವರ್ಷ ಒಮ್ಮೆಯೂ ಮುರಿಯಲಿಲ್ಲ.

‘ವನಜಾ’ ಎಂದು ಕೂಗಿದಾಗ ಹಿಂದಿನ ಸಾಲಿನಿಂದ ‘ಹಾಜರ್’ ಎಂಬ ಉತ್ತರ ಬಂತು. ಅದು ಮಗಳ ದನಿಯಾಗಿರಲಿಲ್ಲ. ಅಪ್ಪನಿಗೆ ಉತ್ತರ ಕೊಡುವ ಸಂಕೋಚಕ್ಕೆ ಪಕ್ಕದವಳ ಬಾಯಲ್ಲಿ ಹೇಳಿಸಿ ಸೀಟಿನ ಮರೆಯಲ್ಲಿ ನಗುತ್ತಿರಬೇಕೆಂದು ಮರಿಯಯ್ಯ ಎಣಿಸಿದರು. ಹತ್ತಿ ನೋಡಬಹುದಿತ್ತು. ಇಪ್ಪತ್ತಮೂರು ಜನರನ್ನು ದನಿಯ ಮೇಲೆ ನಂಬಿ, ತನ್ನ ಮಗಳೊಬ್ಬಳನ್ನು ಮಾತ್ರ ಹೋಗಿ ನೋಡಿದರೆ ಹುಡುಗರು ಆಡಿಕೊಂಡಾರು, ಅವಳು ಮನೆಯಲ್ಲಿ ಸಿಡುಕಿಯಾಳು. ಪೆನ್ನು ತೆಗೆದು ಹೆಸರಿನ ಮುಂದೆ ಗುರುತು ಹಾಕಿದರು. ಬಸ್ಸು ಹೊರಟಿತು.

ಹಲಗೂರಿನಲ್ಲಿ ಟೀಗೆ ನಿಲ್ಲಿಸಿದಾಗ ‘ವನಜಾ ಎಲ್ಲಿ?’ ಎಂದು ಮೊದಲು ಕೇಳಿದವನು ಹೇಮಂತ್. ತಿರುಗಿ ಹೋಗುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಉಟ್ಟ ಬಟ್ಟೆಯಲ್ಲೇ ನೀರಿಗೆ ಬಿದ್ದು ಹುಡುಕಿದವನೂ ಅವನೇ. ಮರುದಿನ ಬೆಳಗ್ಗೆ ಕೆಳಗಿನ ಬಂಡೆಗಳ ಸಂದಿಯಲ್ಲಿ ಅವಳು ಸಿಕ್ಕಳು. ಬಸ್ಸು ಹೋದ ಮೇಲೆ ಹಸಿರು ಚೂಡಿದಾರದ ಹುಡುಗಿಯೊಬ್ಬಳು ಹೊಳೆಯ ಕಡೆಯಿಂದ ಓಡಿ ಬರುತ್ತಿದ್ದುದನ್ನು ಕಂಡೆನೆಂದು ಕಡಲೆಕಾಯಿ ಮಾರುವ ಹೆಂಗಸು ಹೇಳಿದಳು. ಮರುಕ್ಷಣವೇ ಅದು ಬೇರೆ ಯಾರೋ ಇರಬಹುದೆಂದೂ ಹೇಳಿದಳು. ವನಜಾ ಮುಳುಗಿದ್ದು ಹಾಜರಿಗೆ ಮುಂಚೆಯೋ ಆಮೇಲೋ ಎಂಬುದು ನಿಶ್ಚಯವಾಗಲಿಲ್ಲ. ಮುಂಚೆಯೇ ಇರಬೇಕು ಎಂದುಕೊಂಡರೆ ಮರಿಯಯ್ಯನಿಗೆ ನಿದ್ದೆ ಬರುತ್ತಿತ್ತು. ಅವರು ಹಾಗೆಯೇ ಅಂದುಕೊಂಡು ಬಂದರು. ಆಗಸ್ಟಿನಲ್ಲಿ ಫಲಿತಾಂಶ ಬಂತು. ವನಜಾ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದಳು.

ಈ ಸಲ ಮರಿಯಯ್ಯ ಮೊದಲು ಹೋದದ್ದು ಮದ್ದೂರಿಗೆ. ಅದೇ ತರಗತಿಯ ಶಿವರಾಜು ಅಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ.

‘ಓಹೋ, ಮರಿಯಣ್ಣ! ಏನ್ ಈ ಕಡೆ? ಆಧಾರ್ ಜೆರಾಕ್ಸಾ? ನಿಂಗೆ ಕಲರ್‌ನಾಗೇ ಒಡ್ಕೊಡ್ತೀನಿ ತತ್ತಾ.’

‘ಆಧಾರ್ ಅಲ್ಲ ಕಣ್ಲಾ, ನೀನೇ ಬೇಕಾಗಿತ್ತು. ಈ ಭಾನ್ವಾರ ಒಂದ್ಗಳಿಗೆ ಬಾ. ಒಂದ್ ಮಾತು ಅಂದ್ಬುಟ್ಟು ಒಂಟೋಗು.’

ಶಿವರಾಜುವಿನ ನಗು ನಿಂತಿತು. ಅವನು ಖಾಲಿ ಹಾಳೆಗಳನ್ನು ಸುಮ್ಮನೆ ಯಂತ್ರಕ್ಕೆ ತುಂಬತೊಡಗಿದ. ‘ಭಾನ್ವಾರ ಬೀಗ್ರೂಟ ಕಣಣ್ಣ, ತಂಗೀದು. ನಾನಿಲ್ದಿದ್ರೆ ಮರಿ ಕುಯ್ಸೋರೇ ಗತಿಯಿಲ್ಲ.’

‘ಒಂಬತ್ಗಂಟೆಗೆ ಮರಿ ಕುಯ್ಸು, ಅನ್ನೊಂದ್ಗಂಟೆಗೆ ಮಂಡ್ಯಕ್ಕೆ ಬಾ. ಮಂಡ್ಯ ಏನ್ ಕಾಸೀನಾ?’

‘ಅಣ್ಣ, ನಿಜ ಯೋಳ್ಲಾ?’ ಶಿವರಾಜು ಮುಖವೆತ್ತಲಿಲ್ಲ. ‘ಆವತ್ತು ಅಲಗೂರ್ಗಂಟ ನಾವೆಲ್ಲ ಬಸ್ನಾಗೆ ಪದ ಯೋಳ್ಕಂಡು, ಕುಣ್ಕಂಡು ಬಂದೋ. ಅವ್ಳೆಸ್ರು ಕೇಳುದ್ರೆ ಆ ಪದ ಕಿವಿಗ್ ಬತ್ತದೆ. ಹೇಮಂತಂಗೆ ಆಯ್ತಿತ್ತು. ನಂಗಾಗಲ್ಲ.’

ಮರಿಯಯ್ಯನ ಮನಸ್ಸು ನೋಯಬಾರದೆಂದೋ ಏನೋ, ಅವನು ತರಗತಿಯ ವಾಟ್ಸಾಪ್ ಗುಂಪಿಗೆ ವಿಷಯ ಹಾಕಿದ. ಟೀ ಕುಡಿದು ಮುಗಿಸುವಷ್ಟರಲ್ಲಿ ಹದಿನೈದು ಜನ ಕೈಮುಗಿದ ಚಿತ್ರ ಕಳಿಸಿದರು. ಬರುತ್ತೇನೆಂದವರು ಒಬ್ಬರೂ ಇಲ್ಲ. ಯಾರೋ ‘ಯಾವ ವನಜಾ?’ ಎಂದು ಬರೆದು ತಕ್ಷಣ ಅಳಿಸಿದರು. ಅಳಿಸುವ ಮೊದಲು ಮರಿಯಯ್ಯ ಶಿವರಾಜುವಿನ ಫೋನಿನಲ್ಲಿ ಅದನ್ನು ಓದಿಯಾಗಿತ್ತು.

‘ರಂಜಿತನ್ನ ಕೇಳ್ದಾ? ಮಳವಳ್ಳೀಲೇ ಟೀಚರ್ ಆಗವ್ಳೆ. ಅವ್ಳೂ ವನಜಾನೂ ಒಂದೇ ಬೆಂಚು,’ ಎಂದ ಶಿವರಾಜು.

‘ಅವ್ಳನ್ನ ಕಡೀಕ್ ಮಡಿಕಂಡಿವ್ನಿ,’ ಎಂದು ಮರಿಯಯ್ಯ ಎದ್ದರು.

ಅಲ್ಲಿಂದ ಮಂಡ್ಯಕ್ಕೆ ಬಂದು ಸಂಘದ ಕಾರ್ಯದರ್ಶಿ ಪುಟ್ಟರಾಜು ಅವರನ್ನು ಕಂಡರು. ‘ಸಾರ್, ನಾನೇ ಅಂದ್ರೆ ಆಗಲ್ವಾ?’

‘ನೀವು ಇಲ್ಲಿ ಓದಿದವರಲ್ಲವಲ್ಲ ಮರಿಯಣ್ಣ. ನಿಮಗೆ ಬಿಟ್ಟರೆ ನಾಳೆ ಎಲ್ಲರ ಮನೆಯವರೂ ಬರ್ತಾರೆ,’ ಎಂದರು ಪುಟ್ಟರಾಜು. ಒಳ್ಳೆಯ ಮನುಷ್ಯ, ಸ್ವಲ್ಪ ಯೋಚಿಸಿ ದನಿ ತಗ್ಗಿಸಿದರು. ‘ಒಂದು ಕೆಲಸ ಮಾಡೋಣ. ಯಾರಾದರೂ ಬೇರೆ ಬ್ಯಾಚಿನವರ ಕೈಲಿ ಹೇಳಿಸಿಬಿಡ್ತೀನಿ. ಯಾರು ನೋಡ್ತಾರೆ?’

‘ಬ್ಯಾಡಿ ಸಾರ್. ಅವ್ಳ ಎಸ್ರಿಗೆ ಅಂಗೆ ಯಾರ್ಯಾರ್ ಕೈಲೋ ಏಳ್ಸಬ್ಯಾಡಿ. ಕಾಲ್ಗ್ ಬೀಳ್ತೀನಿ.’

ಉಳಿದವಳು ರಂಜಿತ. ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಮರಿಯಯ್ಯ ಮಳವಳ್ಳಿಯ ಅವಳ ಶಾಲೆಯ ಗೇಟಿನಲ್ಲಿದ್ದರು. ಅವರನ್ನು ಕಂಡೊಡನೆ ರಂಜಿತ ಜಗುಲಿಯ ಕಂಬಕ್ಕೆ ಒರಗಿ ಕುಳಿತುಬಿಟ್ಟಳು. ಮಕ್ಕಳೆಲ್ಲ ಹೋದ ಮೇಲೆ ಮರಿಯಯ್ಯ ಅವಳ ಪಕ್ಕ ಕುಳಿತರು.

‘ಇವತ್ತು ಬರ್ತೀರಾ, ನಾಳೆ ಬರ್ತೀರಾ ಅಂತ ಹದಿನಾಲ್ಕು ವರ್ಷ ಕಾದೆ ಅಣ್ಣ,’ ಎಂದಳು.

‘ಯಾಕೆ ಬತ್ತೀನಿ ಅಂದ್ಕಂಡಿದ್ದೆ?’

‘ಬಯ್ಯೋಕೆ. ಹೊಡೆಯೋಕೆ.’

‘ದನಿ ನಿಂದು ಅಂತ ಆವತ್ತೇ ಗೊತ್ತಿತ್ತು ಕಣವ್ವ.’

‘ಮತ್ತೆ ಪೊಲೀಸಿನವರು ಕೇಳಿದಾಗ ಯಾಕೆ ಹೇಳಲಿಲ್ಲ?’

‘ನಿನ್ನೆಸ್ರು ಯೋಳುದ್ರೆ ನನ್ನೆಸ್ರೂ ಯೋಳ್ಬೇಕಾಗಿತ್ತು. ನೀನು ಬರೀ ಬಾಯ್ಮಾತಲ್ಲಿ ಅಂದೆ. ಅವ್ಳ ದನಿ ಅಲ್ಲ ಅಂತ ಗೊತ್ತಿದ್ದೂ ಗುರ್ತು ಆಕ್ದೋನು ನಾನು.’ ಅವರು ಕೈ ಮುಗಿದರು. ‘ಅದ್ಯಾವ್ದೂ ಬ್ಯಾಡ ಈಗ. ಎಂಗಿದ್ರೂ ಅಷ್ಟೊತ್ಗೇ ಅವ್ಳು ಓಗ್ಬುಟ್ಟಿದ್ಲು. ನಾಳೆ ಬಂದು ಒಂದ್ಸಲ “ಹಾಜರ್” ಅನ್ನು. ಆ ಎಸ್ರೊಂದು ಉಳ್ಕಳ್ಳಿ.’

ರಂಜಿತ ಅವರನ್ನೇ ನೋಡಿದಳು. ಅವರಿಗೆ ಗೊತ್ತಿಲ್ಲವೆಂಬುದು ಅವಳಿಗೆ ಆಗ ಹೊಳೆದಿರಬೇಕು. ಹೇಳದೆ ಇರಬಹುದಿತ್ತು.

‘ಹೋಗಿರಲಿಲ್ಲ ಅಣ್ಣ,’ ಎಂದಳು. ‘ನೀವು ಪಟ್ಟಿ ತೆಗೀತಾ ಇದ್ರಿ. ಬಸ್ಸಿನ ಹಿಂಬಾಗಿಲಲ್ಲಿ ನನ್ನ ಜೊತೇನೇ ಇದ್ಲು. “ಟವಲ್ಲು ಬಂಡೆ ಮೇಲೇ ಬುಟ್ ಬಂದಿವ್ನಿ, ತಗಂಡ್ ಬತ್ತೀನಿ, ನಮ್ಮಪ್ಪ ಕೂಗುದ್ರೆ ಅಂದ್ಬುಡು” ಅಂತ ಹೇಳಿ ಓಡಿದ್ಲು. ನಾನು ಅಂದೆ. ಆಮೇಲೆ ಹತ್ತಿಕೊಂಡಿದಾಳೆ ಅಂದ್ಕೊಂಡು ಹಿಂದೆ ತಿರುಗಿ ನೋಡಲಿಲ್ಲ.’

ಮರಿಯಯ್ಯ ಒಂದೇ ಮಾತು ಕೇಳಿದರು: ‘ಅಂಗಾದ್ರೆ ನಾ ಕೂಗ್ದಾಗ ಇದ್ಲಾ?’

‘ಇದ್ಲು.’

ಬಸ್ ನಿಲ್ದಾಣದತನಕ ರಂಜಿತ ಅವರ ಹಿಂದೆಯೇ ನಡೆದಳು. ನಾಳೆ ಖಂಡಿತ ಬರುತ್ತೇನೆಂದಳು. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ.

ಆ ಭಾನುವಾರ ಸಭಾಂಗಣದಲ್ಲಿ ಎಂಬತ್ತು ಜನರಿದ್ದರು. ರಂಜಿತ ಬಂದಿದ್ದಳು; ಕೊನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಕೂತಿದ್ದಳು. ಮರಿಯಯ್ಯ ಎಂದಿನಂತೆ ಬಾಗಿಲಲ್ಲಿ. ಪುಟ್ಟರಾಜು ಪುಸ್ತಕ ತೆರೆದರು. ಹೆಸರಿನ ಹಿಂದೆ ಹೆಸರು, ಒಂದೊಂದಕ್ಕೂ ಒಬ್ಬರೋ ಇಬ್ಬರೋ ಎದ್ದು ‘ಹಾಜರ್ ಸಾರ್’ ಎಂದು ಕೂರುತ್ತಿದ್ದರು. ಕೆಲವರು ಅಳುತ್ತಿದ್ದರು, ಕೆಲವರು ಮೊಬೈಲನ್ನು ಕೈಯಲ್ಲಿ ಹಿಡಿದೇ ಎದ್ದರು. ಕೆಳಗಿನಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು.

‘ವನಜಾ ಎಂ., ಎರಡು ಸಾವಿರದ ಹನ್ನೊಂದು.’

ರಂಜಿತ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದು ಅರ್ಧ ಎದ್ದಳು. ಮತ್ತೆ ಕುಳಿತಳು.

‘ವನಜಾ ಎಂ.’

ಅವಳು ಬಾಗಿಲ ಕಡೆ ತಿರುಗಿ ಮರಿಯಯ್ಯನನ್ನು ನೋಡಿದಳು. ಅದೇ ಹೆಸರು, ಹಿಂದಿನ ಸಾಲು, ಅದೇ ಹುಡುಗಿ. ಅದೇ ಮಾತನ್ನು ಇನ್ನೊಮ್ಮೆ ಆಡೆಂದು ತಾನು ಅವಳನ್ನು ಮಳವಳ್ಳಿಯಿಂದ ಕರೆಸಿದ್ದೇನೆ ಎಂಬುದು ಮರಿಯಯ್ಯನಿಗೆ ಅಲ್ಲಿ, ಆ ಕ್ಷಣ ಅರ್ಥವಾಯಿತು. ಈಗ ಅವಳು ‘ಹಾಜರ್’ ಎಂದರೆ ತಾನದನ್ನು ಮತ್ತೆ ಒಪ್ಪಿಕೊಳ್ಳಬೇಕು. ಅವರು ಬೇಡವೆಂಬಂತೆ ಕೈಯಾಡಿಸಿದರು.

ಪುಟ್ಟರಾಜು ಕನ್ನಡಕ ತೆಗೆದು, ಸಭೆಯನ್ನೊಮ್ಮೆ ನೋಡಿ, ಮೂರನೆಯ ಸಲ ಕೂಗಿದರು.

‘ಬಂದಿಲ್ಲ ಸಾರ್,’ ಎಂದರು ಮರಿಯಯ್ಯ.

ಜನ ಹಿಂತಿರುಗಿ ನೋಡಿದರು.

‘ಬಂದಿಲ್ಲ ಸಾರ್. ಇನ್ನೂ ಹತ್ತಿಲ್ಲ. ಒಸಿ ತಡೀರಿ.’

ಪುಟ್ಟರಾಜು ತಡೆದರು. ಎಷ್ಟು ಹೊತ್ತು ತಡೆಯಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಕೆಳಗೆ ತಟ್ಟೆಗಳನ್ನು ಜೋಡಿಸುವ ಸದ್ದು ಸಭಾಂಗಣಕ್ಕೆಲ್ಲ ಕೇಳಿಸಿತು. ಕಡೆಗೆ ಅವರು ತಲೆ ತಗ್ಗಿಸಿ, ಪುಸ್ತಕದಲ್ಲಿ ಪೆನ್ಸಿಲಿನಿಂದ ಸಣ್ಣ ಗೆರೆಯೊಂದನ್ನು ಎಳೆದು, ಮುಂದಿನ ಹೆಸರು ಕೂಗಿದರು. ಅದಕ್ಕೆ ಉತ್ತರ ಬಂತು. ರಂಜಿತ ಎದ್ದು ನಿಂತದ್ದು ಆಗ. ಯಾರ ಹೆಸರಿಗೂ ಅಲ್ಲದೆ, ಏನನ್ನೂ ಹೇಳದೆ, ಪಟ್ಟಿ ಮುಗಿಯುವತನಕ ಅವಳು ನಿಂತೇ ಇದ್ದಳು.

ಮರಿಯಯ್ಯ ಊಟಕ್ಕೆ ನಿಲ್ಲಲಿಲ್ಲ. ಹೊಳಲಿನಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಸೋಮಮ್ಮ ಬುದ್ಧನ ಪಟವನ್ನೂ ಅದರ ಪಕ್ಕದ ಮಗಳ ಫೋಟೊವನ್ನೂ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು.

‘ಕೂಗುದ್ರಾ?’

‘ಕೂಗುದ್ರು.’

‘ಯಾರ್ ಅಂದ್ರು?’

‘ನಾನೇ ಅಂದೆ.’

‘ಏನಂದೆ?’

‘ಬಂದಿಲ್ಲ ಅಂದೆ.’

ಸೋಮಮ್ಮನ ಕೈ ನಿಂತಿತು. ಗಂಡನ ಕಡೆ ತಿರುಗಲಿಲ್ಲ. ಫೋಟೊದ ಗಾಜಿನ ಮೇಲೆ ಉಳಿದಿದ್ದ ನೀರನ್ನು ಸೆರಗಿನ ತುದಿಯಿಂದ ಒತ್ತಿ ತೆಗೆದರು.

‘ಅಷ್ಟನ್ನಕ್ಕೆ ಹದ್ನಾಕ್ ವರ್ಸ ಬೇಕಾಯ್ತಾ ನಿಂಗೆ?’ ಎಂದರು.