ಉಡಿದಾರದ ತೂತು ಕಾಸು

ಬ್ಯಾಕೋಡಿನಿಂದ ಸಾಗರಕ್ಕೆ ಬಸ್ಸಿನಲ್ಲಿ ಬಂದಿದ್ದ ಆ ಹೆಂಗಸು ನಮ್ಮ ಜಗಲಿಯ ಮೇಲೆ ನನ್ನ ಡಬ್ಬಿ ಸುರಿದುಕೊಂಡು ಕೂತಿದ್ದರು. ನಾಣ್ಯ ಸಂಗ್ರಹಿಸುವ ನಾನು ಬೆಲೆ ಬಾರದ ನಾಣ್ಯಗಳನ್ನು ಹಾಕಿಡುವ ಡಬ್ಬಿ ಅದು. ತುಂಬಿದಾಗ ಗುಜರಿಗೆ ತೂಕಕ್ಕೆ ಹಾಕುತ್ತೇನೆ. ಅವರು ಅದರಲ್ಲಿದ್ದ ತೂತು ಕಾಸುಗಳನ್ನಷ್ಟೇ ಆರಿಸಿ ಸಾಲಾಗಿ ಜೋಡಿಸುತ್ತಿದ್ದರು.

"ನಮ್ಮ ಪಾಪು ಜ್ವರ ಬಂದು ತೀರ್ಕೊಂಡ್ಬಿಡ್ತು ಸಾರ್. ಅದರ ಉಡಿದಾರದ ಕಾಸು. ನಮ್ಮ ಯಜಮಾನ್ರು ಗೊತ್ತಿಲ್ದೆ ಹಳೇ ಕಾಸಿನ ಜೊತೆ ನಿಮಗೆ ಮಾರಿದ್ರು. ಕಪ್ಪು ದಾರದ ಗಂಟು ಅದ್ರಲ್ಲೇ ಇತ್ತಲ್ಲ?"

ಇತ್ತು. ಇಸವಿ ಓದಲು ಅಡ್ಡ ಬಂತೆಂದು ನಾನೇ ಅದನ್ನು ಬ್ಲೇಡಿನಿಂದ ಕತ್ತರಿಸಿ ಎಸೆದಿದ್ದೆ. ಅಪರೂಪದ ಇಸವಿಯೇನೂ ಅಲ್ಲವೆಂದು ಕಾಸನ್ನು ಡಬ್ಬಿಗೆ ಹಾಕಿದ್ದೆ. ಹಾಗೆಂದು ಹೇಳಿದಾಗ ಅವರು ನನ್ನನ್ನು ಬೈಯಲಿಲ್ಲ. ಒಂದೊಂದೇ ಕಾಸನ್ನು ಎತ್ತಿ ಎರಡೂ ಬದಿ ನೋಡಿದರು. ಎಲ್ಲವೂ ಒಂದೇ ಥರ ಸವೆದಿದ್ದವು.

"ಅಷ್ಟನ್ನೂ ತಗೊಂಡು ಹೋಗಿ ಅಮ್ಮ, ಅದ್ರಲ್ಲಿ ನಿಮ್ದೂ ಇರುತ್ತೆ" ಎಂದೆ.

"ಬ್ಯಾಡ ಸಾರ್. ಬೇರೆ ಮಕ್ಕಳವೂ ಇರ್ತಾವೆ."

ಅವರು ಸೆರಗು ಕೊಡವಿಕೊಂಡು ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ನಾಣ್ಯ ಕೈಗೆ ಕೊಟ್ಟರೆ ಇಸವಿ, ಟಂಕಸಾಲೆ ಎರಡನ್ನೂ ಹೇಳುತ್ತೇನೆಂದು ಜಂಬ ಪಡುತ್ತಿದ್ದೆ. ಅವರು ಜೋಡಿಸಿಟ್ಟುಹೋದ ಆ ಕಾಸುಗಳನ್ನು ಗುಜರಿಗೆ ಹಾಕಲು ಆಗಿಲ್ಲ. ಈ ಹಿಂದೆ ಎಷ್ಟು ಉಡಿದಾರದ ಕಾಸುಗಳನ್ನು ಹಾಕಿದ್ದೇನೋ, ಅದು ನನಗೇ ಗೊತ್ತಿಲ್ಲ.